ನಪಾಸಾದವರಿಗೊಂದು ಶಾಲೆ

ಪ್ರತಿ ಬೇಸಿಗೆಯಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮರುದಿನ ಪತ್ರಿಕೆಗಳಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳ ಭಾವಚಿತ್ರಗಳು ಅಚ್ಚಾಗುತ್ತವೆ. ಯಾವ ಜಿಲ್ಲೆಗೆ ಎಷ್ಟನೆಯ ಸ್ಥಾನ ಎಂಬ ಪಟ್ಟಿ ಬರುತ್ತದೆ. ತೇರ್ಗಡೆಯಾಗದವರ ಭಾವಚಿತ್ರ ಎಲ್ಲಿಯೂ ಬರುವುದಿಲ್ಲ, ಬರಲೂಬಾರದು. ಆದರೆ ಆ ಮಕ್ಕಳು ಮರುದಿನದಿಂದ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನೂ ಹೆಚ್ಚಿನವರು ಕೇಳುವುದಿಲ್ಲ. ಧಾರವಾಡ, ಹಾವೇರಿಯ ಕಡೆ ಇವರನ್ನು ಕುರಿತು ಹೇಳಲು ಒಂದೇ ಶಬ್ದ ಸಾಕು: ‘ನಪಾಸು’. ಶಬ್ದ ಹುಟ್ಟಿದ್ದು ಪರೀಕ್ಷೆಯಿಂದ, ಅಂಟಿಕೊಳ್ಳುವುದು ಮಾತ್ರ ಹುಡುಗನಿಗೆ.

ಹೀಗೆ ದಾರಿಯ ನಡುವೆ ನಿಂತ ಹದಿಹರೆಯದವರಿಗೆ ನಮ್ಮ ನಾಡು ಕಾಲಕಾಲಕ್ಕೆ ಏನು ಏರ್ಪಾಡು ಮಾಡಿತು ಎಂಬುದಕ್ಕೆ ಒಂದು ಇತಿಹಾಸವಿದೆ. ಅದನ್ನು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ನಿಂತು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಏಕೆಂದರೆ ಈ ಊರು ಸಾವಿರ ವರ್ಷಗಳ ಹಿಂದೆಯೇ ವಿದ್ಯೆಗೆ ಹೆಸರಾಗಿದ್ದ ಸ್ಥಳ.

ಬಂಕೇಯನ ಊರು, ಅಜಿತಸೇನರ ವಿದ್ಯಾಸ್ಥಾನ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸೇನಾನಿ ಬಂಕೇಯನಿಂದ ಬಂಕಾಪುರಕ್ಕೆ ಈ ಹೆಸರು ಬಂದಿತು. ಅವನ ಮಗ ಲೋಕಾದಿತ್ಯನ ಕಾಲದಲ್ಲಿ, ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಇಲ್ಲಿ ಪೂಜೆ ನಡೆಯಿತೆಂದು ಆ ಗ್ರಂಥದ ಪ್ರಶಸ್ತಿಯೇ ಹೇಳುತ್ತದೆ. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರ ಹೆಸರು ಈ ಊರಿನೊಂದಿಗೆ ಸೇರಿಕೊಂಡಿತು. ಗಂಗರ ದೊರೆ ಮಾರಸಿಂಹನು ರಾಜ್ಯವನ್ನು ಬಿಟ್ಟುಬಂದು 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ವಿಷಯ ಶ್ರವಣಬೆಳಗೊಳದ ಶಾಸನದಲ್ಲಿದೆ.

ದೊರೆ ಗುರುವನ್ನು ಹುಡುಕಿಕೊಂಡು ಬಂದದ್ದು ಅಷ್ಟೇನೂ ಆಶ್ಚರ್ಯದ ಮಾತಲ್ಲ. ನಮ್ಮ ವಿಷಯಕ್ಕೆ ಮುಖ್ಯನಾದವನು ಅದೇ ಗುರುವಿನ ಇನ್ನೊಬ್ಬ ಶಿಷ್ಯ. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನು ಅಜಿತಸೇನರನ್ನು ತನ್ನ ಗುರುವೆಂದು ಹೇಳಿಕೊಂಡಿದ್ದಾನೆ. ಓದಿನ ಹಂಬಲದಿಂದ ಅವನು ಮನೆ ಬಿಟ್ಟು ಬಂಕಾಪುರಕ್ಕೆ ಬಂದನೆಂದು ಸಾಹಿತ್ಯ ಚರಿತ್ರಕಾರರಲ್ಲಿ ಹಲವರು ಬರೆಯುತ್ತಾರೆ. ಕುಲದ ಕಸುಬು ಬಳೆ ವ್ಯಾಪಾರವಾಗಿದ್ದ ಹುಡುಗನಿಗೆ ಕಾವ್ಯ, ವ್ಯಾಕರಣಗಳ ಓದು ತಾನಾಗಿ ದೊರೆಯುವ ಕಾಲ ಅದಲ್ಲ. ಅವನಿಗೆ ದೊರೆತದ್ದು ಒಬ್ಬ ಗುರು, ಇರಲು ಒಂದು ನೆಲೆ, ಕಲಿಯಲು ಬೇಕಾದಷ್ಟು ಸಮಯ, ಜೊತೆಗೆ ಚಾವುಂಡರಾಯನಂಥವರ ಆಶ್ರಯ. ಮುಂದೆ 993ರಲ್ಲಿ ‘ಅಜಿತಪುರಾಣ’ವನ್ನು ಬರೆದು ಮುಗಿಸಿದ ಮಹಾಕವಿಯ ಹಿಂದೆ ಈ ನಾಲ್ಕು ಸಂಗತಿಗಳು ಇದ್ದವು.

ಎಲ್ಲ ಬಳೆಗಾರರ ಮಕ್ಕಳೂ ರನ್ನರಾಗಲಿಲ್ಲ. ಹಳೆಯ ವಿದ್ಯಾಸ್ಥಾನಗಳು ಎಲ್ಲರಿಗೂ ತೆರೆದಿದ್ದವು ಎಂದು ಹೇಳುವಂತೆಯೂ ಇಲ್ಲ. ಹೆಣ್ಣುಮಕ್ಕಳಿಗೆ, ಕೆಳಜಾತಿಯೆನಿಸಿಕೊಂಡವರಿಗೆ ಅವು ಬಹುಮಟ್ಟಿಗೆ ಮುಚ್ಚಿಯೇ ಇದ್ದವು. ಆದರೂ ರೂಢಿಯ ದಾರಿಯಲ್ಲಿ ಬಾರದ ಶಿಷ್ಯನೊಬ್ಬನನ್ನು ಗುರು ಒಳಗೆ ಕರೆದುಕೊಂಡರೆ ಏನಾಗಬಹುದೆಂಬುದಕ್ಕೆ ಈ ಪ್ರಸಂಗ ಒಂದು ನಿದರ್ಶನ.

ಶಿಶುನಾಳದ ಹುಡುಗ, ಕಳಸದ ಗುರು

ಇದೇ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಕಳಸದ ಗೋವಿಂದಭಟ್ಟರು ಬ್ರಾಹ್ಮಣರು, ಶರೀಫರು ಮುಸಲ್ಮಾನರು. ಊರಿನವರ ಆಕ್ಷೇಪಣೆಗೆ ಗುರು ಕಿವಿಗೊಡಲಿಲ್ಲ, ಶಿಷ್ಯನೂ ಹಿಂದೆ ಸರಿಯಲಿಲ್ಲ. ಶರೀಫರು ಮುಲ್ಕಿ ಮುಗಿಸಿ ಕೆಲಕಾಲ ಶಾಲಾ ಮಾಸ್ತರರಾಗಿದ್ದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಎಂದರೆ ಸರಕಾರಿ ಶಾಲೆಯ ಓದು, ಗುರುಮನೆಯ ಓದು ಎರಡನ್ನೂ ಕಂಡವರು ಅವರು. ಜನ ಅವರನ್ನು ನೆನೆಯುವುದು ಎರಡನೆಯದರಿಂದ.

ಗೋವಿಂದಭಟ್ಟರು ಪ್ರಮಾಣಪತ್ರ ಕೊಡುವವರಲ್ಲ. ರನ್ನನ ಗುರುವೂ ಅಷ್ಟೆ. ಈ ಇಬ್ಬರು ಗುರುಗಳು ಶಿಷ್ಯನನ್ನು ಬಳಿಯಲ್ಲಿ ಕೂರಿಸಿಕೊಂಡು ಕಲಿಸಿದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಹೊಸ ವ್ಯವಸ್ಥೆಯಲ್ಲಿ ಕಲಿಸುವುದು ಬೇರೆ, ಅಳೆಯುವುದು ಬೇರೆ ಆಯಿತು. ಇಂದಿನ ಸಮಸ್ಯೆಯ ಬೇರು ಇಲ್ಲಿದೆ.

ಮುಲ್ಕಿ ಮತ್ತು ಮ್ಯಾಟ್ರಿಕ್

ಬಂಕಾಪುರ ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ತಾಲ್ಲೂಕಿಗೆ ಬಂಕಾಪುರದ ಹೆಸರೇ ಇದ್ದರೂ ಕಚೇರಿ ಶಿಗ್ಗಾಂವಿಯಲ್ಲಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಈ ಭಾಗದಲ್ಲಿ ಕನ್ನಡ ಶಾಲೆಗಳು ಹಬ್ಬಿದವು. ಕನ್ನಡ ಏಳನೆಯ ಇಯತ್ತೆ ಮುಗಿಸಿದವರು ಕುಳಿತುಕೊಳ್ಳುವ ಪರೀಕ್ಷೆ ‘ಮುಲ್ಕಿ’. ಅದರಲ್ಲಿ ಪಾಸಾದವನು ಪ್ರಾಥಮಿಕ ಶಾಲೆಯ ಮಾಸ್ತರನಾಗಬಹುದಿತ್ತು, ಸಣ್ಣಪುಟ್ಟ ಸರಕಾರಿ ನೌಕರಿ ಹಿಡಿಯಬಹುದಿತ್ತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, 1859ರಲ್ಲಿ ಅದರ ಪ್ರವೇಶ ಪರೀಕ್ಷೆ ಮೊದಲ ಬಾರಿಗೆ ನಡೆಯಿತು. ಇದೇ ಮುಂದೆ ‘ಮ್ಯಾಟ್ರಿಕ್’ ಎಂದು ಹೆಸರಾಯಿತು.

ಮ್ಯಾಟ್ರಿಕ್ ಹುಟ್ಟಿದ್ದು ಕಾಲೇಜಿಗೆ ಸೇರಲು ಯೋಗ್ಯರು ಯಾರು ಎಂದು ಆರಿಸುವುದಕ್ಕೆ. ಆರಿಸುವ ಪರೀಕ್ಷೆಯೆಂದ ಮೇಲೆ ಹೆಚ್ಚಿನವರನ್ನು ಹೊರಗಿಡುವುದು ಅದರ ಸ್ವಭಾವ. ಕಾಲಕ್ರಮದಲ್ಲಿ ಪ್ರೌಢಶಾಲೆ ಕೆಲವರದಾಗಿ ಉಳಿಯದೆ ಎಲ್ಲರದಾಯಿತು. ಏಕೀಕರಣದ ನಂತರ, 1966ರಲ್ಲಿ, ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ರೂಪುಗೊಂಡು ರಾಜ್ಯಕ್ಕೆಲ್ಲ ಎಸ್.ಎಸ್.ಎಲ್.ಸಿ. ನಡೆಸತೊಡಗಿತು. ಆದರೆ ಆರಿಸುವ ಕಾಲದ ಗುಣ ಪರೀಕ್ಷೆಯಿಂದ ಸುಲಭವಾಗಿ ಹೋಗಲಿಲ್ಲ. ಗಣಿತ, ಇಂಗ್ಲಿಷು, ವಿಜ್ಞಾನಗಳಲ್ಲಿ ಒಂದು ಹಿಂದಾದರೂ ಉಳಿದ ಹತ್ತು ವರ್ಷಗಳ ಓದು ಲೆಕ್ಕಕ್ಕೆ ಬಾರದಂತೆ ಆಗುತ್ತಿತ್ತು.

ನಪಾಸಾದವನಿಗೆ ಇದ್ದ ದಾರಿ ಒಂದು. ‘ಖಾಸಗಿ ಅಭ್ಯರ್ಥಿ’ಯಾಗಿ ಶುಲ್ಕ ಕಟ್ಟಿ ಮತ್ತೆ ಪರೀಕ್ಷೆಗೆ ಕೂರುವುದು. ಹಣವುಳ್ಳವರು ಪೇಟೆಯ ಟ್ಯುಟೋರಿಯಲ್ ಸೇರಿದರು. ಹಣವಿಲ್ಲದವರು ಹಳೆಯ ಗೈಡು ಹಿಡಿದು ಮನೆಯಲ್ಲೇ ಓದಿದರು, ಅಥವಾ ಓದುವ ಆಸೆಯನ್ನೇ ಬಿಟ್ಟರು. ಇಲ್ಲಿ ನಾವು ಗಮನಿಸಬೇಕಾದ ಅಂಶವೆಂದರೆ, ಯಾವ ವಿಷಯದಲ್ಲಿ ಹುಡುಗ ಹಿಂದೆ ಬಿದ್ದನೋ ಅದನ್ನು ಕಲಿಸುವವರು ಯಾರೂ ಇಲ್ಲದೆ ಅದೇ ವಿಷಯದಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಗಿತ್ತು. ಶಾಲೆಯಲ್ಲಿ ಮೇಷ್ಟರು ಇದ್ದಾಗ ತಿಳಿಯದ ಲೆಕ್ಕ, ಮೇಷ್ಟರಿಲ್ಲದಾಗ ತಿಳಿಯುವುದು ಹೇಗೆ?

ಪರೀಕ್ಷೆಯಿಲ್ಲದ ಶಾಲೆಗಳು

ಪರೀಕ್ಷೆಯ ಗೊಡವೆಯೇ ಇಲ್ಲದೆ ಯುವಕರಿಗೆ ಕಲಿಸುವ ಪ್ರಯತ್ನವೂ ನಮ್ಮ ರಾಜ್ಯದಲ್ಲಿ ನಡೆಯಿತು. ಯುರೋಪಿನ ಡೆನ್ಮಾರ್ಕ್ ದೇಶದಲ್ಲಿ ಗ್ರುಂಡ್ಟ್‌ವಿಗ್ ಎಂಬ ಚಿಂತಕನ ಪ್ರೇರಣೆಯಿಂದ 1844ರಲ್ಲಿ ಮೊದಲ ಜಾನಪದ ಪ್ರೌಢಶಾಲೆ ಆರಂಭವಾಗಿತ್ತು. ರೈತರ ಮಕ್ಕಳು ಕೆಲವು ತಿಂಗಳು ಅಲ್ಲಿಯೇ ಇದ್ದು ಭಾಷೆ, ಇತಿಹಾಸ, ಹಾಡು, ಬೇಸಾಯದ ವಿಚಾರಗಳನ್ನು ಕಲಿಯುತ್ತಿದ್ದರು. ಪರೀಕ್ಷೆಯಾಗಲಿ ದರ್ಜೆಯಾಗಲಿ ಇರಲಿಲ್ಲ.

ಇದೇ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯು 1940ರ ದಶಕದಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವೊಂದನ್ನು ತೆರೆಯಿತು. ಹಳ್ಳಿಯ ಯುವಕರು ಅಲ್ಲಿ ಒಟ್ಟಿಗೆ ವಾಸವಾಗಿದ್ದು ಬೇಸಾಯ, ಕೈಕಸುಬು, ಸಹಕಾರ, ಹಾಡು, ನಾಟಕ ಕಲಿತು ಊರಿಗೆ ಮರಳುತ್ತಿದ್ದರು. ಮುಂದೆ ಇಂಥ ವಿದ್ಯಾಪೀಠಗಳು ಬೇರೆ ಕಡೆಗಳಲ್ಲಿಯೂ ಆರಂಭವಾದವು. ಇವುಗಳ ಶಕ್ತಿ ಇದ್ದದ್ದು ಕಲಿಸುವುದರಲ್ಲಿ. ದೌರ್ಬಲ್ಯವೆಂದರೆ, ಅಲ್ಲಿಂದ ಹೊರಬಂದ ಯುವಕನ ಕೈಯಲ್ಲಿ ಕಚೇರಿಯವರು ಒಪ್ಪುವ ಕಾಗದವಿರುತ್ತಿರಲಿಲ್ಲ. ನೌಕರಿಗೆಲ್ಲ ಎಸ್.ಎಸ್.ಎಲ್.ಸಿ. ಕೇಳುವ ಕಾಲ ಬಂದಾಗ ಪರೀಕ್ಷೆಯಿಲ್ಲದ ಶಾಲೆಗೆ ಮಕ್ಕಳನ್ನು ಕಳುಹಿಸಲು ತಂದೆತಾಯಿಗಳು ಹಿಂಜರಿದದ್ದು ಸಹಜವೇ.

ಇದರಿಂದ ಒಂದು ತೊಡಕು ಸ್ಪಷ್ಟವಾಗುತ್ತದೆ. ಪಾಠವಿಲ್ಲದ ಪರೀಕ್ಷೆ ಹುಡುಗನನ್ನು ಒಂಟಿಯಾಗಿಸುತ್ತದೆ. ಪರೀಕ್ಷೆಯಿಲ್ಲದ ಪಾಠ ಅವನನ್ನು ಬರಿಗೈಯಲ್ಲಿ ಕಳುಹಿಸುತ್ತದೆ. ಎರಡೂ ಕೂಡಿದ ಏರ್ಪಾಡು ಬೇಕಾಗಿತ್ತು.

ಮುಕ್ತ ಶಾಲೆ ಬಂದಿತು

ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964-66) ಪೂರ್ಣಾವಧಿ ಶಾಲೆಗೆ ಬರಲಾರದವರಿಗೆ ಅರೆಕಾಲಿಕ ಶಿಕ್ಷಣ, ಅಂಚೆ ಮೂಲಕ ಶಿಕ್ಷಣ ಇವೆರಡೂ ಬೇಕೆಂದು ಶಿಫಾರಸು ಮಾಡಿತ್ತು. 1979ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ದೆಹಲಿಯಲ್ಲಿ ಮುಕ್ತ ಶಾಲೆಯನ್ನು ಒಂದು ಯೋಜನೆಯಾಗಿ ಆರಂಭಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ, 1989ರ ನವೆಂಬರಿನಲ್ಲಿ, ಅದು ರಾಷ್ಟ್ರೀಯ ಮುಕ್ತ ಶಾಲೆ ಎಂಬ ಸ್ವತಂತ್ರ ಸಂಸ್ಥೆಯಾಯಿತು. 2002ರಲ್ಲಿ ಅದಕ್ಕೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಎಂದು ಹೆಸರಾಯಿತು. ಕರ್ನಾಟಕದಲ್ಲಿ 1990ರ ದಶಕದಲ್ಲಿ ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಆಶ್ರಯದಲ್ಲಿ ಕರ್ನಾಟಕ ಮುಕ್ತ ಶಾಲೆ ಆರಂಭವಾಯಿತು.

ಮುಕ್ತ ಶಾಲೆಯ ನಿಯಮಗಳಲ್ಲಿ ವಿವೇಕವಿದೆ. ವಿದ್ಯಾರ್ಥಿ ಐದು ವಿಷಯಗಳನ್ನು ತನ್ನ ಅನುಕೂಲ ನೋಡಿ ಆರಿಸಿಕೊಳ್ಳಬಹುದು. ರಾಷ್ಟ್ರೀಯ ಸಂಸ್ಥೆಯಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಅವಕಾಶಗಳಿವೆ. ಒಂದು ವಿಷಯದಲ್ಲಿ ಪಾಸಾದರೆ ಅದು ಪಾಸಾದಂತೆಯೇ, ಮತ್ತೆ ಬರೆಯಬೇಕಿಲ್ಲ. ಬೇರೆ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಇಲ್ಲಿಗೆ ತಂದು ಸೇರಿಸಬಹುದು. ‘ಎಲ್ಲವೂ ಒಟ್ಟಿಗೆ, ಒಂದೇ ಸಲ’ ಎಂಬ ಹಳೆಯ ಮ್ಯಾಟ್ರಿಕ್ ನ್ಯಾಯ ಇಲ್ಲಿ ಸಡಿಲವಾಯಿತು.

ಆದರೆ ಬಂಕಾಪುರದಂಥ ಊರಿನಿಂದ ನೋಡಿದಾಗ ಮುಕ್ತ ಶಾಲೆ ದೂರದ ಬೆಟ್ಟವೇ. ಅಧ್ಯಯನ ಕೇಂದ್ರಗಳು ಹೆಚ್ಚಾಗಿ ಪಟ್ಟಣಗಳಲ್ಲಿ. ಪುಸ್ತಕ ಮನೆಗೆ ಬರುತ್ತದೆ, ಅದನ್ನು ಬಿಡಿಸಿ ಹೇಳುವವರು ಬರುವುದಿಲ್ಲ. ಓದುವುದರಲ್ಲಿಯೇ ಹಿಂದುಳಿದ ಹುಡುಗನಿಗೆ ‘ನೀನೇ ಓದಿಕೋ’ ಎಂದು ಹೇಳುವುದು ಈಜು ಬಾರದವನಿಗೆ ಹೊಳೆ ತೋರಿಸಿದ ಹಾಗೆ.

ಈ ಇಕ್ಕಟ್ಟು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 1942ರಲ್ಲಿ, ಯುದ್ಧಕ್ಕೆ ಹೋಗಿ ಓದು ತಪ್ಪಿದ ಸೈನಿಕರಿಗಾಗಿ ಜಿ.ಇ.ಡಿ. ಎಂಬ ಪರೀಕ್ಷೆ ಆರಂಭವಾಯಿತು. ಅದರಲ್ಲಿ ಪಾಸಾದರೆ ಹೈಸ್ಕೂಲು ಮುಗಿಸಿದವರಿಗೆ ಸಮಾನ. ಅದು ಪರೀಕ್ಷೆಯ ಬಾಗಿಲು. 1969ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ‘ಪಾರ್ಕ್‌ವೇ’ ಎಂಬ ಪ್ರಯೋಗ ಆರಂಭವಾಯಿತು. ಅದಕ್ಕೆ ತನ್ನದೇ ಶಾಲಾ ಕಟ್ಟಡವಿರಲಿಲ್ಲ. ವಸ್ತುಸಂಗ್ರಹಾಲಯ, ಕಚೇರಿ, ಗ್ರಂಥಾಲಯಗಳಲ್ಲಿ ಸಣ್ಣ ಗುಂಪುಗಳಿಗೆ ಶಿಕ್ಷಕರು ಪಾಠ ಮಾಡಿದರು. ಇದು ಪಾಠದ ಮನೆ. ಮುಂದೆ ಅಲ್ಲಿ ಹಬ್ಬಿದ ಪರ್ಯಾಯ ಪ್ರೌಢಶಾಲೆಗಳಲ್ಲಿ ಸಣ್ಣ ಗುಂಪು, ಹತ್ತಿರದ ಶಿಕ್ಷಕ, ಸಡಿಲವಾದ ವೇಳೆ ಈ ಮೂರೂ ಮತ್ತೆ ಮತ್ತೆ ಕಾಣುತ್ತವೆ. ಮೂರೂ ನಮಗೆ ಹೊಸವಲ್ಲ ಎಂಬುದನ್ನು ಬಂಕಾಪುರದ ಇತಿಹಾಸದಲ್ಲಿ ಆಗಲೇ ಕಂಡಿದ್ದೇವೆ.

ಹದಿನಾಲ್ಕರ ಗಡಿ

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕಾಯಿತು. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ತುಂಬಿಕೊಳ್ಳಲು ವಿಶೇಷ ತರಬೇತಿ ಕೊಡಬೇಕೆಂದೂ ಕಾಯ್ದೆ ಹೇಳಿತು. ಇದಕ್ಕೆ ಮೊದಲೇ ಕರ್ನಾಟಕದಲ್ಲಿ ‘ಚಿನ್ನರ ಅಂಗಳ’ ಎಂಬ ಸೇತುಬಂಧ ಶಿಬಿರಗಳು ಇದೇ ಉದ್ದೇಶದಿಂದ ನಡೆದಿದ್ದವು.

ಆದರೆ ಎಸ್.ಎಸ್.ಎಲ್.ಸಿ. ಬರೆಯುವ ಹುಡುಗನಿಗೆ ಹದಿನೈದೋ ಹದಿನಾರೋ ಆಗಿರುತ್ತದೆ. ಹಕ್ಕಿನ ಗಡಿಯನ್ನು ಅವನು ದಾಟಿರುತ್ತಾನೆ. ಇನ್ನೊಂದು ಕಡೆ, 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿಡುತ್ತದೆ. ಹೀಗಾಗಿ ಹದಿನೈದರ ಹುಡುಗನನ್ನು ಶಾಲೆ ಕೈಬಿಟ್ಟ ದಿನವೇ ದುಡಿಮೆ ಕೈಹಿಡಿಯುತ್ತದೆ. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ತಾಲ್ಲೂಕುಗಳು ಬೇಸಾಯವನ್ನೇ ನಂಬಿದ ಸೀಮೆ. ಹತ್ತಿ, ಗೋವಿನಜೋಳ, ಮೆಣಸಿನಕಾಯಿಗಳ ಕಾಲದಲ್ಲಿ ಹೊಲದಲ್ಲಿ ಕೈಗಳು ಬೇಕು. ಗಂಡುಹುಡುಗ ಗೌಂಡಿಯ ಕೈಕೆಳಗೋ ಗ್ಯಾರೇಜಿಗೋ ಸೇರುತ್ತಾನೆ. ಹೆಣ್ಣುಹುಡುಗಿಯ ವಿಷಯದಲ್ಲಿ ಮನೆಯವರು ಮದುವೆಯ ಮಾತು ತೆಗೆಯುತ್ತಾರೆ. ಹೆಣ್ಣುಮಕ್ಕಳಿಗೆ ಪರೀಕ್ಷೆಯಲ್ಲಿ ಎಡವುದೆಂದರೆ ಓದಿನೊಂದಿಗೆ ಬಾಲ್ಯವೂ ಮುಗಿದಂತೆ.

ದುಡಿಮೆಗೆ ಇಳಿದ ಮೇಲೂ ಕಲಿಸಲು ಸಾಧ್ಯವೆಂದು ತೋರಿಸಿದ ಪ್ರಯತ್ನಗಳು ನಮ್ಮಲ್ಲಿವೆ. ದುಡಿಯುವ ಮಕ್ಕಳ ನಡುವೆ 1980ರ ದಶಕದಿಂದ ಕೆಲಸ ಮಾಡುತ್ತ ಬಂದ ಬೆಂಗಳೂರಿನ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಕುಂದಾಪುರದ ಬಳಿ ‘ನಮ್ಮ ಭೂಮಿ’ ಎಂಬ ಕೇಂದ್ರವನ್ನು ಕಟ್ಟಿತು. ಅಲ್ಲಿ ಹದಿಹರೆಯದವರು ವಾಸವಾಗಿದ್ದು ಮರಗೆಲಸ, ಹೊಲಿಗೆ, ಕಟ್ಟಡದ ಕೆಲಸ ಮೊದಲಾದ ಕಸುಬುಗಳನ್ನು ಓದುಬರಹದ ಜೊತೆಗೇ ಕಲಿತರು. ಕಸುಬು ಕಲಿಯುವಾಗ ಅಳತೆ ಬರುತ್ತದೆ, ಅಳತೆಯೊಂದಿಗೆ ಗಣಿತ ಬರುತ್ತದೆ. ಹಲಗೆಯ ಮೇಲೆ ಭಯ ಹುಟ್ಟಿಸಿದ ಭಿನ್ನರಾಶಿ ಗಜಕಡ್ಡಿಯ ಮೇಲೆ ಅರ್ಥವಾಗುವುದು ಸುಲಭ.

ದೂರದರ್ಶನ ಮತ್ತು ಮರದಡಿಯ ಪಾಠ

ಪಾಠವನ್ನು ಮನೆಗೇ ತಲುಪಿಸುವ ಆಸೆ ಟೆಲಿವಿಷನ್ನಿನೊಂದಿಗೇ ಹುಟ್ಟಿದ್ದು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮ ಬಿತ್ತರಿಸಿದ ‘ಸೈಟ್’ ಪ್ರಯೋಗಕ್ಕೆ ಕರ್ನಾಟಕದಿಂದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ಮುಂದೆ 2020ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಜುಲೈ ತಿಂಗಳಿನಿಂದ ದೂರದರ್ಶನ ಚಂದನದಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ‘ಸೇತುಬಂಧ’ ಪಾಠಗಳು ಪ್ರಸಾರವಾದವು. ಮೊಬೈಲು ಕೊಳ್ಳಲಾಗದ ಮನೆಗಳಿಗೆ ಇದೊಂದು ಆಸರೆ.

ಅದೇ ವರ್ಷ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ಹಳ್ಳಿಗಳಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಟೆಲಿವಿಷನ್ನಿನ ಶಕ್ತಿಯೂ ಮಿತಿಯೂ ತಿಳಿಯುತ್ತವೆ. ಪರದೆಯ ಮೇಲಿನ ಶಿಕ್ಷಕ ಏಕಕಾಲಕ್ಕೆ ಲಕ್ಷ ಮಕ್ಕಳಿಗೆ ಹೇಳಬಲ್ಲ, ಆದರೆ ‘ಇದು ನನಗೆ ತಿಳಿಯಲಿಲ್ಲ’ ಎಂಬ ಒಂದು ಮಗುವಿನ ಮಾತು ಅವನಿಗೆ ಕೇಳಿಸುವುದಿಲ್ಲ. ಕಟ್ಟೆಯ ಮೇಲೆ ಕುಳಿತ ಶಿಕ್ಷಕ ಹತ್ತು ಮಕ್ಕಳಿಗಷ್ಟೇ ಹೇಳುತ್ತಾನೆ, ಹತ್ತೂ ಮುಖಗಳನ್ನು ನೋಡುತ್ತಾನೆ. ಹಿಂದೆ ಬಿದ್ದ ಮಗುವಿಗೆ ಹೆಚ್ಚಾಗಿ ಬೇಕಾದದ್ದು ಈ ಎರಡನೆಯದು.

ಮೂರು ಪರೀಕ್ಷೆಗಳು, ಒಂದು ಬೆಂಚು

ಈಚಿನ ಬದಲಾವಣೆ ಬಂದದ್ದು 2023-24ನೇ ಸಾಲಿನಲ್ಲಿ. ಪೂರಕ ಪರೀಕ್ಷೆಯನ್ನು ಕೈಬಿಟ್ಟು ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಅವಕಾಶಗಳನ್ನು ಕೊಡಲಾಯಿತು. ಮೂರರಲ್ಲಿ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದಾಗಿತ್ತು. ‘ಪೂರಕ’ ಎಂಬ ಹಣೆಪಟ್ಟಿ ಹೋದದ್ದು ಒಳ್ಳೆಯದೇ. ಒಂದು ದಿನ ಜ್ವರ ಬಂದದ್ದಕ್ಕೆ ಒಂದು ವರ್ಷ ಕಳೆದುಕೊಳ್ಳುವ ಕಷ್ಟ ತಪ್ಪಿತು. ಆದರೆ ಕೆಲವೇ ವಾರಗಳಲ್ಲಿ ಮತ್ತೆ ಬರೆಯುವ ಪರೀಕ್ಷೆಯಿಂದ ಪ್ರಯೋಜನವಾಗುವುದು ಗೆರೆಯ ಹತ್ತಿರ ನಿಂತವರಿಗೆ. ಐದನೆಯ ಇಯತ್ತೆಯ ಭಾಗಾಕಾರದಲ್ಲಿಯೇ ತಡವರಿಸಿದ ಹುಡುಗನಿಗೆ ಮೂರಲ್ಲ, ಆರು ಪರೀಕ್ಷೆ ಕೊಟ್ಟರೂ ಫಲ ಅದೇ.

ಅನುತ್ತೀರ್ಣರಿಗೆ ಶಾಲೆಯಲ್ಲಿಯೇ ವಿಶೇಷ ತರಗತಿ ನಡೆಸುವ ಆದೇಶವೂ 2024ರ ಬೇಸಿಗೆಯಲ್ಲಿ ಹೊರಟಿತು. ರಜೆ ಕೈತಪ್ಪುವುದೆಂದು ಶಿಕ್ಷಕರಿಂದ ಆಕ್ಷೇಪಣೆ ಬಂದಿತು. ಅವರ ಮಾತಿನಲ್ಲಿಯೂ ನ್ಯಾಯವಿದೆ. ಇಂಥ ಕೆಲಸವನ್ನು ರಜೆಯ ಮೂಲೆಗೆ ತಳ್ಳಿದರೆ ಅದು ಯಾರಿಗೂ ಪ್ರೀತಿಯದಾಗುವುದಿಲ್ಲ. 2024-25ರಲ್ಲಿ, ನಪಾಸಾದವರು ಸರಕಾರಿ ಪ್ರೌಢಶಾಲೆಯ ಹತ್ತನೆಯ ತರಗತಿಗೆ ಮತ್ತೆ ದಾಖಲಾಗಿ ಕಲಿಯಲು ಶಿಕ್ಷಣ ಇಲಾಖೆ ಅವಕಾಶ ಮಾಡಿಕೊಟ್ಟಿತು. ಇತಿಹಾಸದ ದೃಷ್ಟಿಯಿಂದ ಈ ಚಿಕ್ಕ ಆದೇಶ ಮಹತ್ವದ್ದು. ಬಹುಕಾಲ ಖಾಸಗಿ ಅಭ್ಯರ್ಥಿಯೆಂದು ಹೊರಗೆ ನಿಲ್ಲಿಸಿದ ಹುಡುಗನಿಗೆ ತರಗತಿಯ ಒಳಗೆ ಒಂದು ಬೆಂಚು ಸಿಕ್ಕಿತು.

ಬೆಂಚಿನ ಮೇಲೆ ಕುಳಿತವನಿಗೆ ಯಾವ ಪಾಠ ಎಂಬುದು ಉಳಿದ ಪ್ರಶ್ನೆ. ತನಗಿಂತ ಚಿಕ್ಕವರ ನಡುವೆ ಅದೇ ಪಾಠವನ್ನು ಅದೇ ವೇಗದಲ್ಲಿ ಕೇಳಿದರೆ ನಾಚಿಕೆಯೊಂದು ಹೆಚ್ಚಾದೀತು. ದೊಡ್ಡ ಕಟ್ಟಡವಾಗಲಿ ಹೊಸ ಮಂಡಳಿಯಾಗಲಿ ಇದಕ್ಕೆ ಬೇಕಿಲ್ಲ. ಪ್ರತಿ ಹೋಬಳಿಯಲ್ಲಿ ಒಂದು ಪ್ರೌಢಶಾಲೆಯ ಒಂದು ಕೋಣೆ ಸಂಜೆಯಲ್ಲಿ ತೆರೆದಿರಲಿ. ಅದಕ್ಕೆಂದೇ ನೇಮಕವಾದ, ಅದಕ್ಕೆಂದೇ ಸಂಬಳ ಪಡೆಯುವ ಒಬ್ಬಿಬ್ಬರು ಶಿಕ್ಷಕರಿರಲಿ. ಹುಡುಗ ಎಲ್ಲಿ ನಿಂತಿದ್ದಾನೋ ಅಲ್ಲಿಂದ ಪಾಠ ಆರಂಭವಾಗಲಿ, ಸುಗ್ಗಿಯ ಕಾಲಕ್ಕೆ ಬಿಡುವಿರಲಿ. ಹೆಣ್ಣುಮಕ್ಕಳಿಗೆ ಹಗಲಿನ ವೇಳೆ ಗೊತ್ತುಮಾಡಲಿ. ಮುಕ್ತ ಶಾಲೆಯ ಅಥವಾ ಮಂಡಳಿಯ ಪರೀಕ್ಷೆಯನ್ನು ಅವರು ಸಿದ್ಧವಾದಾಗ ಬರೆಯಲಿ. ಎಂಟನೆಯ ತರಗತಿ ಮುಗಿಸಿದವರನ್ನು ಸೇರಿಸಿಕೊಳ್ಳುವ ಐ.ಟಿ.ಐ. ಕಸುಬುಗಳ ಮಾಹಿತಿಯೂ ಅಲ್ಲಿಯೇ ದೊರೆಯಲಿ.

ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದು ಜನ ಕರೆಯುವ ನಗರೇಶ್ವರ ದೇವಾಲಯವಿದೆ. ನೋಡಲು ಬಂದವರು ಕಂಬಗಳ ನುಣುಪನ್ನು ಕಂಡು ಬೆರಗಾಗುತ್ತಾರೆ. ಕಲ್ಲು ಒರಟಾಗಿದೆಯೆಂದು ಶಿಲ್ಪಿ ಅದನ್ನು ಹೊರಗೆಸೆಯಲಿಲ್ಲ, ಉಳಿ ಹಿಡಿದು ಎದುರು ಕುಳಿತ. ನಪಾಸಾದ ಹುಡುಗನ ಎದುರಿಗೆ ಕೂರುವವರು ಯಾರು ಎಂಬುದನ್ನು ಗೊತ್ತುಮಾಡದೆ ಎಷ್ಟು ಬಾಗಿಲು ತೆರೆದರೂ ನಮ್ಮ ಏರ್ಪಾಡು ಅರ್ಧವೇ ಆಗಿ ಉಳಿಯುತ್ತದೆ.